ಪೆಂಡಾಲ್ ಹಾಕುವ ಮುಂಚೆ

ಮಂಡ್ಯ
ಫೆಬ್ರವರಿ 2026

ಚಿ. ಪುಟ್ಟಿಗೆ ನಿನ್ನ ಮಾವನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮತ್ತೆಗೆ ಮಂಡಿ ನೋವು, ಅದು ಇದ್ದದ್ದೇ.

ಬಡಾವಣೆಯ ಪಾರ್ಕಲ್ಲಿ ಎಲ್ಲ ಊರಿನ, ಎಲ್ಲ ಭಾಷೆಯ ಜನರನ್ನ ಕೂಡಿಸಿ ಹಬ್ಬ ಮಾಡ್ತೀವಿ ಅಂತ ನೀನು ಕಳಿಸಿದ ಕರಪತ್ರ ನೋಡಿದೆ. ಶಾಮಿಯಾನ, ಚೇರು, ಪಾತ್ರೆ ಎಲ್ಲ ನಮ್ಮ ಮಾವನ ಗೋಡೌನಿಂದ ಬರುತ್ತೆ ಅಂತ ನನ್ನನ್ನ ಒಂದು ಮಾತೂ ಕೇಳದೆ ಸಮಿತಿಗೆ ಹೇಳಿಬಿಟ್ಟಿದ್ದೀಯಂತೆ. ಆಗಲಿ, ಕಳಿಸ್ತೀನಿ. ಆದರೆ ಗೂಟ ಹೊಡೆಯೋದಕ್ಕೆ ಮುಂಚೆ ಹೇಳಬೇಕಾದ ಮಾತು ಕೆಲವಿವೆ.

ಮೊದಲು ದಿನಾಂಕ ಬದಲಾಯಿಸು. ಮಾರ್ಚ್ 21 ಅಂತ ಹಾಕಿದ್ದೀರಿ. ಈ ಸಲ ಚಂದ್ರ ಕಂಡಂತೆ ರಂಜಾನ್ ಹಬ್ಬ 20ಕ್ಕೋ 21ಕ್ಕೋ ಬೀಳುತ್ತೆ. ಈದ್ಗಾದಲ್ಲಿ ನಮಾಜು ಮುಗಿಸಿ, ಮನೆ ತುಂಬ ನೆಂಟರನ್ನ ಕೂರಿಸಿಕೊಂಡವರು ಅವರನ್ನ ಬಿಟ್ಟು ನಿಮ್ಮ ಪಾರ್ಕಿಗೆ ಬರ್ತಾರಾ? ಎಲ್ಲರನ್ನೂ ಸೇರಿಸೋ ಹಬ್ಬ ಅಂತ ಹೆಸರು, ಒಂದು ಸಮುದಾಯದವರು ಬರೋಕಾಗದ ದಿನ ಅದನ್ನ ಇಟ್ಟಿದ್ದೀರಿ. ಬೇಕಂತ ಮಾಡಿದ್ದಲ್ಲ, ಸಮಿತಿಯಲ್ಲಿ ಅವರ ಪೈಕಿ ಒಬ್ಬರೂ ಇಲ್ಲ, ಅಷ್ಟೇ. 19ಕ್ಕೆ ಯುಗಾದಿ, ಮಾರನೇ ದಿನ ಹೊಸತೊಡಕು. 29 ಕ್ರೈಸ್ತರಿಗೆ ಗರಿಗಳ ಭಾನುವಾರ. 28ರ ಶನಿವಾರ ಸಂಜೆ ಇಟ್ಟುಕೊಳ್ಳಿ. ಮಕ್ಕಳಿಗೆ ಪರೀಕ್ಷೆ ಕಾಲ, ಮೈಕು ಬೇಗ ನಿಲ್ಲಿಸಿ. ಶಾಮಿಯಾನದವನಿಗೆ ಎಲ್ಲರ ಪಂಚಾಂಗವೂ ಬಾಯಿಪಾಠ ಕಣವ್ವ, ಹೊಟ್ಟೆಪಾಡು.

21 ಜನಾಂಗೀಯ ತಾರತಮ್ಯ ತೊಡೆಯೋಕೆ ಅಂತ ವಿಶ್ವಸಂಸ್ಥೆ ಗುರುತಿಸಿದ ದಿನ, ಅದಕ್ಕೇ ಆರಿಸಿದೆ ಅಂತ ಫೋನಲ್ಲಿ ಅಂದೆ. ಸರಿ, ಯಾಕೆ ಗುರುತಿಸಿದರು ಅನ್ನೋದು ಕರಪತ್ರದಲ್ಲಿ ಒಂದು ಸಾಲೂ ಇಲ್ಲವಲ್ಲ? 1960ರ ಮಾರ್ಚ್ 21ರಂದು ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್‌ನಲ್ಲಿ ಕಪ್ಪು ಜನ ಪ್ರತಿಭಟನೆಗೆ ನಿಂತಿದ್ದರು. ತಮ್ಮ ದೇಶದಲ್ಲೇ ಓಡಾಡೋಕೆ ಪಾಸ್ ಇಟ್ಟುಕೊಂಡು ತಿರುಗಬೇಕು ಅನ್ನೋ ಕಾನೂನಿನ ವಿರುದ್ಧ. ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲೇ ಸತ್ತವರು 69. ಆಸ್ಟ್ರೇಲಿಯಾದಲ್ಲಿ 1999ರಿಂದ ಅದೇ ದಿನವನ್ನ ‘ಹಾರ್ಮನಿ ಡೇ’ ಅಂತ ಆಚರಿಸ್ತಾರೆ. ಕಿತ್ತಳೆ ಬಣ್ಣದ ಬಟ್ಟೆ, ದೇಶದೇಶದ ತಿಂಡಿ. ಗುಂಡೇಟು ತಿಂದವರ ದಿನವನ್ನ ತಿಂಡಿ ದಿನ ಮಾಡಿಬಿಟ್ಟಿರಿ ಅಂತ ಅಲ್ಲಿಯವರೇ ಕೆಲವರು ಬೈತಾರಂತೆ. ಮೆಲ್ಬರ್ನ್‌ನಲ್ಲಿರೋ ನಿನ್ನ ಭಾವ ಹೇಳಿದ್ದು.

ಅವನ ಆಫೀಸಲ್ಲಿ ಆ ದಿನ ಬಂತು ಅಂದರೆ ಇವನಿಗೆ ಒಂದೇ ಕೆಲಸ, ಸಮೋಸ ತರೋದು. ಮುದ್ದೆ, ಉಪ್ಸಾರು ತಿಂದು ಬೆಳೆದವನು ಅಂಗಡಿಯಿಂದ ಸಮೋಸ ಕೊಂಡು, ಕುರ್ತಾ ಹಾಕಿಕೊಂಡು ನಿಂತಿರಬೇಕು. ಭಾಂಗ್ರಾ ಬರುತ್ತಾ ಅಂತ ಬೇರೆ ಕೇಳಿದರಂತೆ! ನಾವೆಲ್ಲ ನಕ್ಕೆವು. ಈಗ ನಿನ್ನ ಪಟ್ಟಿ ತೆಗೆದು ನೋಡು. ‘ಮಣಿಪುರ: ಮೋಮೋ ಸ್ಟಾಲ್, ಜಾನಪದ ನೃತ್ಯ’ ಅಂತ ಬರೆದಿದ್ದೀಯ. ನಿಮ್ಮ ಬಡಾವಣೆಯಲ್ಲಿರೋ ಮಣಿಪುರದ ಹುಡುಗಿಯರನ್ನ ಕೇಳಿ ಬರೆದದ್ದಾ? ಅವರ ಮನೆಯಲ್ಲಿ ಮಾಡೋದು ಎರೋಂಬಾ. ತರಕಾರಿ ಬೇಯಿಸಿ, ಮೆಣಸಿನಕಾಯಿ, ಹುದುಗಿಸಿದ ಮೀನು ಹಾಕಿ ಕಿವುಚಿದ್ದು. ವಾಸನೆ ಬರುತ್ತೆ, ಅಕ್ಕಪಕ್ಕದವರು ಏನಂದುಕೊಳ್ತಾರೋ ಅಂತ ಅವರೇ ಹಿಂಜರಿಯಬಹುದು. ನಮ್ಮ ಬೀದಿಯಲ್ಲಿ ಒಬ್ಬರು ಒಣಮೀನು ಹುರಿದರೆ ಆ ತುದಿಯ ಮನೆಗೂ ಗೊತ್ತಾಗುತ್ತೆ, ಯಾರೂ ಪೊಲೀಸರಿಗೆ ಫೋನ್ ಮಾಡಿಲ್ಲ. ಅವರೇನು ಮಾಡ್ತೀವಿ ಅಂತಾರೋ ಅದು ಮಾಡಲಿ. ಕುಣಿಯೋಕೆ ಇಷ್ಟ ಇಲ್ಲ ಅಂದರೆ ಸುಮ್ಮನೆ ಚೇರಲ್ಲಿ ಕೂತು ಕಾರ್ಯಕ್ರಮ ನೋಡಲಿ, ನೀವು ಕುಣೀರಿ.

ಈಗ ಅಸಲು ವಿಷಯ. ನಿಮ್ಮ ಬಡಾವಣೆಯಲ್ಲಿ ಅದೆಷ್ಟು ಗೇಟಿಗೆ ‘ಮನೆ ಬಾಡಿಗೆಗೆ ಇದೆ, ಸಸ್ಯಾಹಾರಿಗಳಿಗೆ ಮಾತ್ರ’ ಅಂತ ಬೋರ್ಡು ನೇತಾಡ್ತಿದೆ ನೋಡಿದ್ದೀಯಾ? ಬೋರ್ಡು ಇಲ್ಲದ ಕಡೆ ಫೋನಲ್ಲಿ ಕೇಳ್ತಾರೆ, ‘ನಿಮ್ದು ಯಾವ ಜನ?’ ಅಂತ. ಹೆಸರು ಕೇಳಿದ ಕೂಡಲೇ ಕೆಲವರಿಗೆ ‘ಈಗ ತಾನೇ ಅಡ್ವಾನ್ಸ್ ತಗೊಂಡ್ವಿ’ ಅನ್ನೋ ನೆನಪು ಬಂದುಬಿಡುತ್ತೆ. ಆ ಮನೆ ಯಜಮಾನರೇ ನಿಮ್ಮ ಸಮಿತಿಯಲ್ಲಿ ಖಜಾಂಚಿ, ಉಪಾಧ್ಯಕ್ಷ. ವೇದಿಕೆ ಮೇಲೆ ದೀಪ ಹಚ್ಚೋರೂ ಅವರೇ. ಇದನ್ನ ಎತ್ತದೆ ಹಬ್ಬ ಮಾಡೋದಾದರೆ ಮಾಡು, ಬೇಡ ಅನ್ನಲ್ಲ. ಆದರೆ ಪೂರ್ವಾಗ್ರಹ ತೊಡೆಯುತ್ತೇವೆ ಅಂತ ಕರಪತ್ರದಲ್ಲಿ ಹಾಕಬೇಡ.

ಎತ್ತೋದು ಹೇಗೆ ಅಂತೀಯ. ನೋವು ತಿಂದವರನ್ನ ಮೈಕಿನ ಮುಂದೆ ನಿಲ್ಲಿಸಿ ಅಳಿಸಬೇಡ. ಮನೆ ಸಿಗದವಳ ಕತೆ ಕೇಳಿ ಜನ ಚಪ್ಪಾಳೆ ತಟ್ಟಿ, ಐಸ್‌ಕ್ರೀಂ ತಿಂದು ಹೋಗ್ತಾರೆ. ಹಬ್ಬಕ್ಕೆ ಮುಂಚೆಯೇ ಮನೆ ಯಜಮಾನರನ್ನ ಒಬ್ಬೊಬ್ಬರನ್ನಾಗಿ ಹೋಗಿ ಮಾತಾಡಿಸು, ಸಭೆಯಲ್ಲಿ ಬೇಡ. ಸಭೆಯಲ್ಲಿ ಕೇಳಿದರೆ ಮುಖ ಉಳಿಸಿಕೊಳ್ಳೋಕೆ ಸುಳ್ಳು ಹೇಳ್ತಾರೆ. ಬೇರೆ ಧರ್ಮದವರಿಗೆ, ಬೇರೆ ರಾಜ್ಯದವರಿಗೆ ಮನೆ ಕೊಟ್ಟು ಚೆನ್ನಾಗಿರೋ ಯಜಮಾನರು ನಿಮ್ಮಲ್ಲೂ ಇದ್ದೇ ಇರ್ತಾರೆ. ಅವರನ್ನ ಆ ದಿನ ಮಾತಾಡಿಸು: ಬಾಡಿಗೆ ಸರಿಯಾಗಿ ಬಂತಾ, ಜಗಳ ಆಯ್ತಾ, ಹೇಗೆ ಬಗೆಹರಿಸಿಕೊಂಡಿರಿ ಅಂತ. ಮನೆ ಯಜಮಾನರು ಕೇಳೋದು ಇನ್ನೊಬ್ಬ ಮನೆ ಯಜಮಾನರ ಮಾತನ್ನೇ.

ಮಡಿ, ಆಚಾರ ಇರೋರನ್ನೆಲ್ಲ ಕೆಟ್ಟವರು ಅಂತ ತಿಳಿಯಬೇಡ. ನನ್ನ ಗೋಡೌನಲ್ಲೂ ಬಾಡೂಟದ ಕೊಳಗ, ದೇಗ್, ಸೌಟು ಬೇರೆ, ಅವಕ್ಕೆ ಕೆಂಪು ಬಣ್ಣದ ಗುರುತು. ಸಸ್ಯಾಹಾರದ ಪಾತ್ರೆ ಬೇರೆ. ‘ಇದರಲ್ಲಿ ಮಾಂಸ ಬೇಯಿಸಿಲ್ಲ ತಾನೇ?’ ಅಂತ ಕೇಳಿದರೆ ಮರ್ಯಾದೆಯಿಂದ ಉತ್ತರ ಹೇಳ್ತೀನಿ, ಅದು ಅವರವರ ಊಟದ ಪದ್ಧತಿ. ಆದರೆ ಇನ್ನು ಕೆಲವರು ತಗ್ಗಿದ ದನಿಯಲ್ಲಿ ಇನ್ನೊಂದು ಕೇಳ್ತಾರೆ, ‘ಹೋದ ವಾರ ಇದು ಯಾವ ಕೇರಿಗೆ ಹೋಗಿತ್ತು?’ ಅಂತ. ಅವರಿಗೆ ಪಾತ್ರೆ ಕೊಡಲ್ಲ, ಬೀಗ ಹಾಕಿಕೊಳ್ತೀನಿ. ಈ ಎರಡು ಪ್ರಶ್ನೆಗೂ ಇರೋ ವ್ಯತ್ಯಾಸ ನಿನಗೆ ಗೊತ್ತಿರಲಿ. ಮೊದಲನೆಯವರ ಜೊತೆ ಜಗಳ ಆಡಬೇಡ, ಎರಡನೆಯವರ ಜೊತೆ ರಾಜಿ ಮಾಡಿಕೊಳ್ಳಬೇಡ.

ಭಾಷಣಕ್ಕೆ ಯಾರನ್ನ ಕರೆದರೂ ಹೇಳೋದು ಇದನ್ನೇ: 1933ರಲ್ಲಿ ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಅಡಿಗಲ್ಲಿಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು, ಮಿರ್ಜಾ ಇಸ್ಮಾಯಿಲ್ 1926ರಿಂದ 1941ರವರೆಗೆ ದಿವಾನರು, ಬೈಲಕುಪ್ಪೆಯಲ್ಲಿ ಟಿಬೆಟ್ಟಿನವರಿಗೆ ನೆಲೆ, ಮೇಲುಕೋಟೆ ದೇವಸ್ಥಾನದಲ್ಲಿ ಸುಲ್ತಾನನ ಮಗಳು ಅಂತ ಹೇಳೋ ಬೀಬಿ ನಾಚಿಯಾರ್‌ಗೂ ಪೂಜೆ. ಎಲ್ಲಾ ನಿಜ, ಹೆಮ್ಮೆಯೂ ಪಡೋಣ. ಆದರೆ ಅದೇ ನಾಲ್ವಡಿಯವರು 1918ರಲ್ಲಿ ಹಿಂದುಳಿದವರಿಗೂ ಸರ್ಕಾರಿ ಕೆಲಸದಲ್ಲಿ ಪಾಲು ಸಿಗೋದು ಹೇಗೆ ಅಂತ ನೋಡೋಕೆ ಮಿಲ್ಲರ್ ಸಮಿತಿಯನ್ನ ನೇಮಿಸಬೇಕಾಯ್ತು. ಸರ್ಕಾರಿ ಕೆಲಸವೆಲ್ಲ ಹೆಚ್ಚುಕಡಿಮೆ ಒಂದೇ ಜಾತಿಯವರ ಕೈಲಿತ್ತು. ಅಷ್ಟು ದೂರ ಯಾಕೆ, ಹೋದ ವರ್ಷದ ದಸರಾನೇ ನೋಡು. 2017ರಲ್ಲಿ ನಿಸಾರ್ ಅಹಮದ್ ಅವರು ಉದ್ಘಾಟಿಸಿ ಹೋಗಿದ್ದರು. 2025ರಲ್ಲಿ ಬಾನು ಮುಷ್ತಾಕ್ ಅವರನ್ನ ಕರೆದದ್ದಕ್ಕೆ ಜನ ಹೈಕೋರ್ಟಿಗೆ ಹೋದರು, ಅಲ್ಲಿ ವಜಾ ಆದ ಮೇಲೆ ಸುಪ್ರೀಂ ಕೋರ್ಟಿಗೂ ಹೋದರು. ಅಲ್ಲೂ ವಜಾ ಆಗಿ, ಸೆಪ್ಟೆಂಬರ್ 22ಕ್ಕೆ ಅವರು ಚಾಮುಂಡಿ ಬೆಟ್ಟದ ಮೇಲೆ ಉದ್ಘಾಟಿಸಿದರು. ಚರ್ಚಿನ ಅಡಿಗಲ್ಲಿನ ಕತೆ ಹೇಳೋ ಭಾಷಣಕಾರರು ಇದನ್ನೂ ಹೇಳಲಿ. ಹೇಳೋಕೆ ಅಳುಕುವವರಾದರೆ ಅವರನ್ನ ಕರೆಯೋದೇ ಬೇಡ, ಒಂದು ಹಾರದ ಖರ್ಚಾದರೂ ಉಳಿಯುತ್ತೆ.

ಇನ್ನೊಂದು. ಪೌರಕಾರ್ಮಿಕರಿಗೆ ಸನ್ಮಾನ ಅಂತ ಹಾಕಿದ್ದೀರಿ. ಶಾಲು ಹೊದಿಸಿ, ಫೋಟೋ ತೆಗೆಸಿಕೊಂಡು, ಊಟದ ಹೊತ್ತಿಗೆ ಮಾತ್ರ ಪಾರ್ಸೆಲ್ ಕೈಗಿಟ್ಟು ಕಳಿಸಿದ್ದನ್ನ ನನ್ನ ಪೆಂಡಾಲಲ್ಲೇ ನೋಡಿದ್ದೀನಿ. ಆಮೇಲೆ ಎಲೆ ತೆಗೆಯೋಕೆ ಅವರೇ ಬರಬೇಕು. ಶಾಲು ಬಿಟ್ಟುಬಿಡು. ಎಲ್ಲರ ಜೊತೆ ಪಂಕ್ತಿಯಲ್ಲಿ ಕೂರಿಸು, ಗುಡಿಸೋದಕ್ಕೆ ಕೂಲಿ ಬೇರೆ ಕೊಡು. ಒಡಿಶಾ, ಬಿಹಾರದ ಗಾರೆ ಕೆಲಸದ ಹುಡುಗರು ನಿಮ್ಮ ಕಡೆ ಹೊಸ ಮನೆಗಳಲ್ಲೇ ಮಲಗ್ತಾರಲ್ಲ, ಅವರಿಗೆ ಕರಪತ್ರ ಕೊಟ್ಟಿದ್ದೀರಾ? ಹಿಂದಿಯಲ್ಲಿ ಬಾಯಿಮಾತಲ್ಲಿ ಹೇಳಿ ಬಾ, ಸಾಕು. ಬಫೆ ಇಡಬೇಡಿ. ಬಫೆ ಇಟ್ಟರೆ ಜನ ತಟ್ಟೆ ಹಿಡಿದು ತಮ್ಮ ತಮ್ಮವರ ಗುಂಪಿಗೇ ಹೋಗಿ ನಿಲ್ತಾರೆ. ಪಂಕ್ತಿ ಹಾಕಿದರೆ ಪಕ್ಕದಲ್ಲಿ ಯಾರು ಬರ್ತಾರೋ ಅವರ ಜೊತೆ ಮಾತಾಡಲೇಬೇಕಾಗುತ್ತೆ, ಉಪ್ಪು ಕೇಳೋಕಾದರೂ.

ಖಜಾಂಚಿಗೆ ಸಿಟ್ಟು ಬಂದು ರಾಜೀನಾಮೆ ಅಂದರೆ ಹೆದರಬೇಡ, ಸಂಜೆಗೆ ವಾಪಸ್ ತಗೋತಾರೆ. ನಿಮ್ಮಮ್ಮ ‘ನಿನಗ್ಯಾಕೆ ಊರ ಉಸಾಬರಿ’ ಅಂತ ಬೈದರೆ ನನಗೆ ಫೋನ್ ಕೊಡು, ನನ್ನ ತಂಗಿ ನಾನು ನೋಡಿಕೊಳ್ತೀನಿ.

ಶಾಮಿಯಾನ, ಚೇರು, ಪಾತ್ರೆ ನನ್ನ ಲೆಕ್ಕ. ಗಾಡಿ ಬಾಡಿಗೆ, ಹುಡುಗರ ಬಾಟಾ ಸಮಿತಿಯದು. 28ನೇ ತಾರೀಖು ಖಾತ್ರಿ ಆದ ಕೂಡಲೇ ತಿಳಿಸು, ಮದುವೆ ಪಾರ್ಟಿಗಳು ಕೇಳ್ತಿದ್ದಾರೆ. ತಿಳಿಸುವಾಗ ಹೊಸ ಸಮಿತಿಯ ಪಟ್ಟಿಯನ್ನೂ ಕಳಿಸು. ಅದರಲ್ಲಿ ಮಣಿಪುರದ ಆ ಹುಡುಗಿಯರಲ್ಲಿ ಒಬ್ಬಳು, ಈದ್ಗಾಕ್ಕೆ ಹೋಗೋ ಮನೆಯವರು ಒಬ್ಬರು, ಪೌರಕಾರ್ಮಿಕರ ಪೈಕಿ ಒಬ್ಬರು ಇರಬೇಕು. ಆ ಪಟ್ಟಿ ನೋಡಿದ ಮೇಲೆಯೇ ಗಾಡಿ ಲೋಡ್ ಮಾಡಿಸ್ತೀನಿ.

ಇಂತಿ ನಿನ್ನ
ಸೋದರಮಾವ