ಪೈಕ್ಸ್ ಪೀಕ್ ತುದಿ ಮುಟ್ಟಿಸಿದವರಿಗೆ

ಅಮೆರಿಕದ ಕೊಲರಾಡೊದ ಪೈಕ್ಸ್ ಪೀಕ್ ಬೆಟ್ಟದ ಓಟದಲ್ಲಿ ನಮ್ಮ ತಂಡದ ಟರ್ಬೊ ಕಾರು ಮೊದಲ ಬಾರಿಗೆ ತುದಿ ಮುಟ್ಟಿತು. ಎಲ್ಲೂ ನಿಲ್ಲಲಿಲ್ಲ, ಎಲ್ಲೂ ತಾಗಲಿಲ್ಲ. ಅಭಿನಂದನೆಗಳೆಲ್ಲ ಚಾಲಕರಿಗೆ ಹೋಗುತ್ತಿವೆ, ಹೋಗಲೇಬೇಕು. ಅವರ ಬೆನ್ನಿಗಿದ್ದವರಿಗೆ ಬರೀ ಧನ್ಯವಾದ ಅಂದರೆ ಸಾಲದು. ಯಾರ ಕೆಲಸ ಯಾವ ಅನಾಹುತವನ್ನು ತಪ್ಪಿಸಿತು ಅನ್ನುವುದನ್ನೂ ಹೇಳಬೇಕು.

ಊರಿನ ಓದುಗರಿಗೆ ಅಂದಾಜು ಸಿಗಲಿ: ಓಟ ಶುರುವಾಗುವ ಜಾಗವೇ 2,862 ಮೀಟರ್ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಗಿಂತ 900 ಮೀಟರ್‌ಗೂ ಮೇಲೆ. ಅಲ್ಲಿಂದ ಸುಮಾರು 20 ಕಿ.ಮೀ. ಘಾಟಿ, 156 ತಿರುವು, ಕೊನೆಗೆ 4,302 ಮೀಟರ್. 1916ರಲ್ಲಿ ಶುರುವಾದ ಓಟ ಇದು. ತಳದಿಂದ ತುದಿಯವರೆಗೆ ಪೂರ್ತಿ ಡಾಂಬರಿನ ಮೇಲೆ ನಡೆದದ್ದು 2012ರಿಂದ ಈಚೆಗೆ.

ಮೊದಲ ನಮಸ್ಕಾರ ಎಂಜಿನ್ ಟ್ಯೂನ್ ಮಾಡಿದವರಿಗೆ. ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 60ರಷ್ಟೇ. ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೊ ಇದ್ದರೆ ಚಿಂತೆಯಿಲ್ಲ ಅಂದುಕೊಳ್ಳುವವರೇ ಹೆಚ್ಚು. ಆದರೆ ತೆಳುವಾದ ಗಾಳಿಯಲ್ಲಿ ಅದೇ ಬೂಸ್ಟ್, ಅಂದರೆ ಒತ್ತಿ ತುಂಬಿದ ಗಾಳಿಯ ಒತ್ತಡ, ಬೇಕೆಂದರೆ ಟರ್ಬೊ ಇನ್ನೂ ಜೋರಾಗಿ ತಿರುಗಬೇಕು. ಮಿತಿ ಮೀರಿದರೆ ಬೇರಿಂಗ್ ಹೋಗುತ್ತದೆ. ಒಳಹೋಗುವ ಗಾಳಿ ಕಾದು, ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಹೊತ್ತಿಕೊಂಡು ಎಂಜಿನ್ ನಾಕ್ ಹೊಡೆಯುತ್ತದೆ. ಇವರು ಅರ್ಧ ದಾರಿಯ ಗ್ಲೆನ್ ಕೋವ್ ದಾಟಿದ ಮೇಲೆ ಬೂಸ್ಟ್ ಮೆಲ್ಲಗೆ ಇಳಿಯುವಂತೆ ಎಂಜಿನ್ ಕಂಪ್ಯೂಟರಿನ ಮ್ಯಾಪ್ ಬರೆದರು. ಕೆಲವು ಸೆಕೆಂಡ್ ಹೋಯಿತು, ಎಂಜಿನ್ ಉಳಿಯಿತು. ಅದು ಸರಿಯಾದ ತೀರ್ಮಾನ ಎಂದೇ ನಮ್ಮ ನಂಬಿಕೆ. ತೆಳುಗಾಳಿ ಶಾಖವನ್ನೂ ಕಡಿಮೆ ಒಯ್ಯುತ್ತದೆ, ರೆಕ್ಕೆ ಕಾರನ್ನು ನೆಲಕ್ಕೆ ಒತ್ತುವ ಬಲವೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಆದ್ದರಿಂದ ದೊಡ್ಡ ರೇಡಿಯೇಟರ್, ಅಗಲದ ರೆಕ್ಕೆ ಕೂರಿಸಲು ರಾತ್ರಿಗಟ್ಟಲೆ ವೆಲ್ಡಿಂಗ್ ಮಾಡಿದವರಿಗೂ ನಾವು ಋಣಿ. (ಬ್ಯಾಟರಿ ಕಾರಿನ ಮೋಟರಿಗೆ ಉಸಿರು ಕಟ್ಟುವ ಕಷ್ಟವಿಲ್ಲ. 2018ರಲ್ಲಿ ರೊಮೆನ್ ಡ್ಯೂಮಾ ಫೋಕ್ಸ್‌ವ್ಯಾಗನ್ ಐ.ಡಿ. ಆರ್‌ನಲ್ಲಿ 7 ನಿಮಿಷ 57.148 ಸೆಕೆಂಡಿಗೆ ಹತ್ತಿದ್ದರಲ್ಲಿ ಅದರ ಪಾಲೂ ಇದೆ.)

ಟೈರ್ ನೋಡಿಕೊಂಡವರ ಲೆಕ್ಕ ನೋಡಿ. ಮೇಲೆ ಹೋದಂತೆ ಹೊರಗಿನ ಒತ್ತಡ ಇಳಿಯುವುದರಿಂದ, ಬಿಸಿಯ ಮಾತು ಬಿಟ್ಟರೂ, ಗೇಜಿನಲ್ಲಿ ಎರಡು ಪೌಂಡಿನ ಹತ್ತಿರ ಏರಿಕೆ ಬರುತ್ತದೆ. ಕೆಳಗೆ ಸರಿಯಾಗಿ ತುಂಬಿಸಿದ ಟೈರು ತಣ್ಣನೆಯ ತುದಿಯ ರಸ್ತೆಯಲ್ಲಿ ಉಬ್ಬಿ ಹಿಡಿತ ಬಿಡುವುದು ಹೀಗೆ. ಅವರು ಅಷ್ಟನ್ನು ಮೊದಲೇ ಕಳೆದು ಗಾಳಿ ಹಾಕಿದ್ದರು.

ಅಭ್ಯಾಸದ ವಾರದಲ್ಲಿ ರಸ್ತೆ ಸಿಗುವುದು ಪ್ರವಾಸಿಗರು ಬರುವ ಮುನ್ನ, ನಸುಕಿನಲ್ಲಿ ಮಾತ್ರ. ಅದೂ ದಿನಕ್ಕೊಂದು ತುಂಡು. ತಳದಿಂದ ತುದಿಯವರೆಗೆ ಒಂದೇ ಉಸಿರಿನಲ್ಲಿ ಓಡಿಸುವುದು ಓಟದ ದಿನವೇ. ಆ ಕತ್ತಲಲ್ಲಿ ಗೇಟು ತೆರೆದವರಿಗೆ, ತಿರುವುಗಳಲ್ಲಿ ಬಾವುಟ ಹಿಡಿದು ನಡುಗುತ್ತ ನಿಂತವರಿಗೆ, ಚಾಲಕರ ಆಮ್ಲಜನಕದ ಸಿಲಿಂಡರ್ ಪ್ರತಿ ಸಲವೂ ತೆರೆದು ನೋಡಿದ ವೈದ್ಯಕೀಯ ತಂಡಕ್ಕೆ ಕೈಮುಗಿಯುತ್ತೇವೆ.

ಕೊನೆಯದಾಗಿ ಮೋಟಾರ್‌ಸೈಕಲ್‌ನವರಿಗೆ. ತುದಿಯ ಕಡೆಯ ಡೆವಿಲ್ಸ್ ಪ್ಲೇಗ್ರೌಂಡ್ ಅನ್ನುವ ಜಾಗದಿಂದ ಮೇಲೆ ನೆಲದ ನೀರು ಹೆಪ್ಪುಗಟ್ಟಿ ಕರಗಿ ಡಾಂಬರು ಉಬ್ಬುತ್ತದೆ. ಕೆಳಗಿನ ನುಣುಪಿಗೆ ಬಿಗಿ ಮಾಡಿದ ಸಸ್ಪೆನ್ಷನ್ ಇಟ್ಟುಕೊಂಡು ಅಲ್ಲಿಗೆ ಹೋದರೆ ಚಕ್ರ ನೆಲ ಬಿಡುತ್ತದೆ. ಯಾವ ಉಬ್ಬು ತಿರುವಿನ ಒಳಗಿದೆ, ಯಾವುದು ಬ್ರೇಕ್ ಒತ್ತುವ ಜಾಗದಲ್ಲೇ ಇದೆ ಎಂದು ಅಲ್ಲಿ ಬೈಕ್ ಓಡಿಸಿದ್ದ ಹಿರಿಯರು ಒಂದೊಂದನ್ನೂ ಗುರುತು ಹಾಕಿಕೊಟ್ಟರು. ಸಸ್ಪೆನ್ಷನ್ನಿನ ಕುಲುಕಾಟ ತಡೆಯುವ ಡ್ಯಾಂಪರ್ ಸಡಿಲಿಸಿದ್ದು ಅದನ್ನು ನೋಡಿಯೇ. 2019ರಲ್ಲಿ ಬೈಕ್ ಸವಾರ ಕಾರ್ಲಿನ್ ಡನ್ ಗುರಿಗೆರೆಗೆ ತೀರ ಹತ್ತಿರದಲ್ಲಿ ಬಿದ್ದು ತೀರಿಕೊಂಡ ಮೇಲೆ ಈ ಓಟದಲ್ಲಿ ಬೈಕುಗಳಿಲ್ಲ. ಅದೇ ದಿನ ರೆನಿ ಸ್ಕೇಸ್‌ಬ್ರೂಕ್ ಬರೆದ 9 ನಿಮಿಷ 44.963 ಸೆಕೆಂಡಿನ ಬೈಕ್ ದಾಖಲೆ ಹಾಗೇ ನಿಂತಿದೆ. ತಾವು ಮತ್ತೆ ಓಡಿಸಲಾಗದ ರಸ್ತೆಯ ಗುಟ್ಟನ್ನು ನಮ್ಮ ಕಾರಿಗಾಗಿ ಬಿಚ್ಚಿಟ್ಟವರೇ, ನೀವು ಗುರುತು ಹಾಕಿಕೊಟ್ಟ ನಕ್ಷೆಯನ್ನು ಜೋಪಾನವಾಗಿ ಇಟ್ಟಿದ್ದೇವೆ. ಮುಂದಿನ ವರ್ಷ ಹೊಸದಾಗಿ ಎದ್ದ ಉಬ್ಬುಗಳನ್ನು ಅದಕ್ಕೆ ಸೇರಿಸಿ ನಿಮಗೇ ಮೊದಲು ತೋರಿಸುತ್ತೇವೆ.