ಶಿರಸಿ ಬಸ್ ಸ್ಟ್ಯಾಂಡಿನ ಅಕ್ಕೋರಿಗೆ

ಅಕ್ಕೋರೇ, ಹೆಸರು ಕೇಳುವಷ್ಟರಲ್ಲಿ ನಿಮ್ಮ ಸಿದ್ದಾಪುರ ಬಸ್ಸು ಬಂದುಬಿಟ್ಟಿತು. ಮರುದಿನವೇ ಪರೀಕ್ಷೆ, ‘ಎಲ್ಲ ಮೀನುಗಾರರೂ ಈಜುಗಾರರು, ಕೆಲವು ಈಜುಗಾರರು ಶಿಕ್ಷಕರು’ ಎಂಬ ಹೇಳಿಕೆಗಳಿಂದ ಯಾವ ತೀರ್ಮಾನ ಖಂಡಿತ ಬರುತ್ತದೆ ಎಂಬ ತರ್ಕದ ಪ್ರಶ್ನೆಯಲ್ಲಿ ತಲೆ ಕೆಟ್ಟಿತ್ತು. ತರಕಾರಿ ಚೀಟಿಯ ಹಿಂದೆ ನೀವು ಈಜುಗಾರರ ದೊಡ್ಡ ವೃತ್ತ, ಅದರೊಳಗೆ ಮೀನುಗಾರರ ಸಣ್ಣ ವೃತ್ತ ಬರೆದಿರಿ. ಶಿಕ್ಷಕರ ವೃತ್ತವನ್ನು ಬೇಕಂತಲೇ ಸಣ್ಣದಕ್ಕೆ ತಾಗದಂತೆ, ದೊಡ್ಡದರ ಅಂಚನ್ನಷ್ಟೇ ಕತ್ತರಿಸಿ ಎಳೆದಿರಿ. ‘ತಮಾ, ಸರಿ ಯಾವ್ದು ಹುಡುಕಡ. ಸುಳ್ಳು ಮಾಡಲೆ ಬತ್ತ ನೋಡು.’

‘ಕೆಲವು ಮೀನುಗಾರರು ಶಿಕ್ಷಕರು’ ಎಂಬ ಮೊದಲ ತೀರ್ಮಾನ ಅಲ್ಲೇ ಬಿತ್ತು. ಹೇಳಿಕೆಗೆ ಒಪ್ಪುವ ಒಂದು ಚಿತ್ರದಲ್ಲಿ ಸುಳ್ಳಾದರೂ ಸಾಕಲ್ಲ! ಶಿಕ್ಷಕರ ವೃತ್ತವನ್ನು ಸಣ್ಣದನ್ನೂ ಕತ್ತರಿಸುವಂತೆ ಒಳಗೆ ಸರಿಸಿದಾಗ ಎರಡನೆಯದಾದ ‘ಯಾವ ಮೀನುಗಾರನೂ ಶಿಕ್ಷಕನಲ್ಲ’ವೂ ಬಿತ್ತು. ‘ಯಾವುದೂ ಅಲ್ಲ’ಕ್ಕೆ ಗುರುತು ಹಾಕಹೊರಟವನ ಕೈ ತಡೆದು ‘ಇದು ಇಲ್ಲವೇ ಅದು’ ಆಯ್ಕೆಯ ಮೇಲೆ ಬೆರಳಿಟ್ಟಿರಿ: ಪರಸ್ಪರ ವಿರುದ್ಧವಾದ ಈ ಜೋಡಿಯಲ್ಲಿ ಒಂದು ನಿಜವಾಗಲೇಬೇಕು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ನಿಮ್ಮ ಪೆನ್ನು ನನ್ನ ಹತ್ತಿರವೇ ಇದೆ.