ಹಸಿವು ಗೊತ್ತಿರುವ ಕಾದಂಬರಿಗಳು

ಚಿತ್ರದುರ್ಗ

ಪ್ರೀತಿಯ ಗೆಳೆಯ,

ದಾವಣಗೆರೆಯಿಂದ ನೀನು ಕಳಿಸಿದ ಪಟ್ಟಿ ಸಿಕ್ಕಿತು. ಎಲ್ಲವೂ ಹೆಸರಾದ ಕಾದಂಬರಿಗಳೇ. ಯಾವುದರಿಂದ ಶುರು ಮಾಡಲಿ, ಯಾವುದನ್ನು ಬಿಡಲಿ ಅಂತ ಕೇಳಿದ್ದೀಯ. ನಾನು ವಿಮರ್ಶಕನಲ್ಲ, ರಾತ್ರಿ ಊಟವಾದ ಮೇಲೆ ನಿದ್ದೆ ಬರುವ ತನಕ ಓದುವವನು. ಹಾಗಾಗಿ ನನಗೆ ಅನಿಸಿದ್ದನ್ನು ಅನಿಸಿದ ಹಾಗೇ ಬರೆಯುತ್ತೇನೆ. ದೊಡ್ಡವರ ಅಭಿಪ್ರಾಯ ನಿನಗೆ ಎಲ್ಲಾದರೂ ಸಿಗುತ್ತದೆ.

ಮೊದಲು ದೇವನೂರ ಮಹಾದೇವರ ‘ಒಡಲಾಳ’ ಓದು. ಸಣ್ಣ ಪುಸ್ತಕ, ಒಂದು ಸಂಜೆ ಸಾಕು. ಭಾಷೆ ನಂಜನಗೂಡು ಕಡೆಯದು, ನಮ್ಮ ಕಿವಿಗೆ ಹೊಸದು. ನಾಲ್ಕಾರು ಪುಟ ಜೋರಾಗಿ ಓದಿಕೋ, ಆಮೇಲೆ ತಾನಾಗಿ ಹಿಡಿತಕ್ಕೆ ಬರುತ್ತದೆ. ಸಾಕವ್ವ ಕಳೆದುಹೋದ ತನ್ನ ಹುಂಜಕ್ಕಾಗಿ ಊರೆಲ್ಲ ಹುಡುಕುತ್ತಾಳೆ. ಅವಳ ಮನೆಗೆ ಕದ್ದ ಕಡ್ಲೆಕಾಯಿ ಮೂಟೆ ಬರುತ್ತದೆ. ರಾತ್ರಿ ಮನೆಮಂದಿಯೆಲ್ಲ ಕೂತು ಅದನ್ನು ತಿಂದು ಮುಗಿಸುತ್ತಾರೆ. ಆಮೇಲೆ ಪೊಲೀಸರು ಬರುತ್ತಾರೆ.

ನಾನು ಹುಟ್ಟಿದ್ದು ಚಳ್ಳಕೆರೆ ಕಡೆ, ಶೇಂಗಾ ಬೆಳೆಯುವ ಸೀಮೆ, ನಿನಗೆ ಗೊತ್ತಲ್ಲ. ಒಣಗಿದ ಕಾಯಿ ಸುಲಿದೂ ಸುಲಿದೂ ಹೆಬ್ಬೆರಳಿನ ತುದಿ ಉರಿಯುತ್ತದೆ. ಕೆಂಪು ಸಿಪ್ಪೆ ಅಂಗೈಗೆ, ತುಟಿಗೆ ಅಂಟುತ್ತದೆ. ಹಸಿದವನ ಮುಂದೆ ರಾಶಿ ಇದ್ದರೆ, ಉರಿಯುವ ಬೆರಳೂ ನಿಲ್ಲುವುದಿಲ್ಲ. ಆ ಪುಟಗಳನ್ನು ಓದುವಾಗ ನನ್ನ ಬಾಯಿಗೇ ಆ ರುಚಿ ಬಂತು. ಕದ್ದದ್ದು ಸರಿಯೋ ತಪ್ಪೋ ಅಂತ ಮಹಾದೇವ ಭಾಷಣ ಮಾಡುವುದಿಲ್ಲ. ತಿನ್ನುವವರ ಸಂಭ್ರಮ ತೋರಿಸುತ್ತಾರೆ, ಅಷ್ಟೇ. ಅದು ಎಷ್ಟು ಕಾಲದ ಹಸಿವು ಅನ್ನೋದು ಆ ಸಂಭ್ರಮದಲ್ಲೇ ಗೊತ್ತಾಗಿಬಿಡುತ್ತದೆ.

ನನಗೆ ಕಾದಂಬರಿ ಹಿಡಿಸುವುದು ಹೀಗೇ. ಜನ ಏನು ಉಣ್ಣುತ್ತಾರೆ, ಯಾರ ಮನೆಯಲ್ಲಿ ಒಲೆ ಹತ್ತಿಲ್ಲ ಅನ್ನೋದು ಬರೆಯುವವರಿಗೆ ಗೊತ್ತಿರಬೇಕು. ಅದು ಗೊತ್ತಿದ್ದರೆ ಅವರು ಹೇಳುವ ಉಳಿದದ್ದನ್ನೂ ನಂಬುತ್ತೇನೆ.

ಅನಂತಮೂರ್ತಿಯವರ ‘ಸಂಸ್ಕಾರ’ವನ್ನೇ ತಗೋ. 1965ರ ಪುಸ್ತಕ, ಅದರ ಮೇಲೆ ಬಂದಷ್ಟು ಚರ್ಚೆ ಇನ್ಯಾವುದರ ಮೇಲೂ ಬಂದಿರಲಿಕ್ಕಿಲ್ಲ. ಎಲ್ಲರೂ ಧರ್ಮದ ಪ್ರಶ್ನೆ ಅಂತಾರೆ, ಇರಲಿ. ನನ್ನನ್ನು ಅಲ್ಲಾಡಿಸಿದ್ದು ಬೇರೆ. ನಾರಣಪ್ಪನ ಹೆಣ ಸುಡುವ ತನಕ ಅಗ್ರಹಾರದಲ್ಲಿ ಯಾರೂ ಉಣ್ಣುವ ಹಾಗಿಲ್ಲ. ಅಲ್ಲಿ ಹೆಣ ಕೊಳೆಯುತ್ತಿದೆ, ಇಲ್ಲಿ ಹೊಟ್ಟೆ ಚುರುಗುಟ್ಟುತ್ತಿದೆ. ಈ ಭಾಗದಲ್ಲಿ ಒಂದು ಸಾಲನ್ನೂ ಬಿಡಲು ಆಗುವುದಿಲ್ಲ. ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ಊರು ಬಿಟ್ಟ ಮೇಲೆ ಮಾತ್ರ ಯೋಚನೆ ಜಾಸ್ತಿಯಾಯಿತು ಅನಿಸಿತು. ಅಲ್ಲಿ ನನ್ನನ್ನು ಮುಂದಕ್ಕೆ ಓದಿಸಿದವನು ಪುಟ್ಟ. ಒಗಟು ಹೇಳುತ್ತಾ, ಬೇಡವೆಂದರೂ ಬೆನ್ನು ಬಿಡದೆ ಮೇಳಿಗೆ ಜಾತ್ರೆಗೆ ಜೊತೆಯಾಗುವ ಪುಟ್ಟ. ಅಂಥವರು ನಮ್ಮ ಹೊಸದುರ್ಗದ ಬಸ್ಸಿನಲ್ಲೂ ಸಿಗುತ್ತಾರೆ, ಅಲ್ವಾ? ಆಚಾರ್ಯರು ಸೂತಕದಲ್ಲೇ ದೇವಸ್ಥಾನದ ಊಟಕ್ಕೆ ಕೂರುವಾಗ ಮತ್ತೆ ಎದೆ ಹೊಡೆದುಕೊಂಡಿತು. ಅವರ ಯೋಚನೆಗಳೆಲ್ಲ ಮರೆತಿವೆ, ಆ ಎಲೆಯ ಮುಂದಿನ ಭಯ ಮರೆತಿಲ್ಲ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಒಂದೇ ಕೂತಲ್ಲಿ ಮುಗಿಯಿತು. ಹೆಂಗಸೊಬ್ಬಳು ಕಥೆ ಹೇಳುವವನ ಚಿಕ್ಕಪ್ಪನಿಗೆಂದು ಮಸೂರ ಬೇಳೆ ಸಾರು ಮಾಡಿಕೊಂಡು ಬಾಗಿಲಿಗೆ ಬರುತ್ತಾಳೆ. ಮನೆಯ ಹೆಂಗಸರು ಬೈದು ಅಟ್ಟುತ್ತಾರೆ, ಸಾರು ಬೀದಿ ಪಾಲಾಗುತ್ತದೆ. ಪ್ರೀತಿಯಿಂದ ಮಾಡಿ ತಂದ ಸಾರು! ದುಡ್ಡು ಬಂದ ಮನೆ ಎಷ್ಟು ಕಲ್ಲಾಗಬಲ್ಲದು ಅಂತ ತೋರಿಸಲು ಅವರಿಗೆ ಆ ಒಂದು ಡಬ್ಬಿ ಸಾಕಾಯಿತು.

ಭೈರಪ್ಪನವರ ‘ಪರ್ವ’ದ ವಿಷಯದಲ್ಲಿ ನಿನ್ನ ಜೊತೆ ಜಗಳ ಇದ್ದದ್ದೇ. ಯುದ್ಧದ ಭಾಗ ನನಗೆ ತುಂಬಾ ಇಷ್ಟ. ಅಷ್ಟು ಜನಕ್ಕೆ ದವಸ ಎಲ್ಲಿಂದ ತರುವುದು, ಹೆಣದ ನಾತ ಹೇಗೆ ತಡೆಯುವುದು ಅಂತ ಮಹಾಭಾರತದ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಆದರೆ ನಿಯೋಗದ, ಅಂದರೆ ಗಂಡನಲ್ಲದವನಿಂದ ಮಕ್ಕಳನ್ನು ಪಡೆಯುವ ಪದ್ಧತಿಯ ಚರ್ಚೆ ಇದೆಯಲ್ಲ, ಒಬ್ಬರ ವಾದ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಬ್ಬರ ನೆನಪಿನಲ್ಲಿ ಅದೇ ವಾದ ಶುರು. ಅಲ್ಲಿ ಪುಟ ಹಾರಿಸಿದೆ, ನೀನೂ ಹಾರಿಸು. ಕಥೆ ಎಲ್ಲೂ ಕೈ ತಪ್ಪುವುದಿಲ್ಲ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಮಳೆಗಾಲದ ರಜೆಗೆ ಇಟ್ಟುಕೋ. ಅವಸರದಲ್ಲಿ ಓದಿದರೆ ಹೆಸರುಗಳೇ ಗೊಂದಲ. ಗುತ್ತಿಯ ನಾಯಿ ಹುಲಿಯನಿಗಾಗಿ ನಾನು ಅತ್ತಿದ್ದೇನೆ. ಮನುಷ್ಯರ ಸಾವಿಗೂ ಅಷ್ಟು ಅತ್ತಿಲ್ಲ.

ಇನ್ನು ನಮ್ಮ ತ.ರಾ.ಸು. ನಿಜ ಹೇಳಿದರೆ ದುರ್ಗದಲ್ಲಿ ನಾಲ್ಕು ಜನ ಮುನಿಸಿಕೊಳ್ಳಬಹುದು, ಆದರೂ ಹೇಳುತ್ತೇನೆ. ‘ದುರ್ಗಾಸ್ತಮಾನ’ಕ್ಕಿಂತ ‘ಹಂಸಗೀತೆ’ ಮೇಲು. 1779ರಲ್ಲಿ ದುರ್ಗದ ಕೋಟೆ ಹೈದರಾಲಿಯ ಕೈ ಸೇರುತ್ತದೆ ಅಂತ ನಮಗೆ ಮೊದಲೇ ಗೊತ್ತು. ಗೊತ್ತಿದ್ದೂ ‘ದುರ್ಗಾಸ್ತಮಾನ’ದ ಕೊನೆಯ ಭಾಗದಲ್ಲಿ ಉಸಿರು ಬಿಗಿಹಿಡಿಯುತ್ತೇವೆ, ಅದು ಅವರ ಶಕ್ತಿ. ಆದರೆ ಅರಮನೆಯ ಒಳಸಂಚಿನ ಮಾತುಕತೆ ಬಹಳ ಉದ್ದ. ಎಲ್ಲರೂ ದರ್ಬಾರಿನಲ್ಲಿ ನಿಂತ ಹಾಗೇ ಮಾತಾಡುತ್ತಾರೆ. ಮೇಲಿನ ಕೋಟೆಯಲ್ಲಿ ಸಿಡಿಮದ್ದು ಅರೆಯುವ ಕಲ್ಲುಗಳಿವೆ, ಎಣ್ಣೆಕೊಳವಿದೆ. ಆ ಕಲ್ಲು ತಿರುಗಿಸಿದವರು ಮನೆಗೆ ಹೋಗಿ ಏನು ಉಂಡರು? ನನಗೆ ಅವರ ಕಥೆ ಇನ್ನೂ ಜಾಸ್ತಿ ಬೇಕಿತ್ತು.

‘ಹಂಸಗೀತೆ’ಯಲ್ಲಿ ಭೈರವಿ ವೆಂಕಟಸುಬ್ಬಯ್ಯ ಒಬ್ಬನೇ ಸಾಕು. ಅವನ ಸಂಗೀತದ ಹಸಿವು ಹೊಟ್ಟೆಯ ಹಸಿವಿನಷ್ಟೇ ನಿಜ ಅನಿಸುತ್ತದೆ. ಆಜ್ಞೆಗೆ ಹಾಡಲಾರೆ ಅಂತ ತನ್ನ ನಾಲಿಗೆಯನ್ನೇ ಕತ್ತರಿಸಿಕೊಂಡವನು. ಅದನ್ನು ಓದಿದ ಮೇಲೆ ಸ್ವಲ್ಪ ಹೊತ್ತು ಮನೆಯವರ ಜೊತೆ ಮಾತಾಡಲು ಆಗಲಿಲ್ಲ.

ಯಶವಂತ ಚಿತ್ತಾಲರ ‘ಶಿಕಾರಿ’ ಇನ್ನೂ ಓದಿಲ್ಲ. ಮುಂದಿನ ಭಾನುವಾರ ಬರುವಾಗ ನಿನ್ನ ಪ್ರತಿ ತಾ. ನನ್ನ ‘ಒಡಲಾಳ’ ತಗೊಂಡು ಹೋಗು, ಆದರೆ ಇನ್ನೊಬ್ಬರಿಗೆ ಕೊಡಬೇಡ. ‘ಪರ್ವ’ದ ಜಗಳ ಆಡೋಣ, ಊಟಕ್ಕೆ ಇಲ್ಲೇ ಬಾ.

ನಿನ್ನ ಗೆಳೆಯ